ಕೋರೆಹಲ್ಲಿನ ಪ್ರಣಯ

ಮಣ್ಣಗುಡ್ಡೆಯಲ್ಲಿ ನಮ್ಮ ನೆರೆಮನೆಯ ಗೃಹಿಣಿಯೊಬ್ಬರು ಕಳೆದ ವಾರ ಒಂದು ಇಂಗ್ಲಿಷ್ ಕಾದಂಬರಿಯನ್ನು ಸೆರಗಿನಲ್ಲಿ ಮರೆಸಿಕೊಂಡು ನಮ್ಮ ಜಗಲಿಗೆ ಬಂದರು. ಬಿ.ಎ. ಓದುತ್ತಿರುವ ಮಗಳ ದಿಂಬಿನಡಿಯಲ್ಲಿ ಸಿಕ್ಕಿದ ಪುಸ್ತಕವದು. ಮುಖಪುಟದಲ್ಲಿ ಹಸಿರು ಮೈಯ, ಕೋರೆಹಲ್ಲಿನ ಇಬ್ಬರು ದೈತ್ಯರು. ಅವರ ನಡುವೆ ನಗುತ್ತ ನಿಂತಿರುವ ಒಬ್ಬ ಮಾನವಕನ್ಯೆ. “ಒಬ್ಬನಲ್ಲ ಮಾಸ್ಟ್ರೇ, ಇಬ್ಬರು! ಅದೂ ರಕ್ಕಸರು! ನೀವೇ ಇವಳಿಗೆ ಸ್ವಲ್ಪ ಬುದ್ಧಿ ಹೇಳಬೇಕು” ಎಂದರು.

ಬುದ್ಧಿ ಹೇಳುವ ಮೊದಲು ಓದಬೇಕಾದುದು ಅಧ್ಯಾಪಕನ ಧರ್ಮವಷ್ಟೆ. ಎರಡು ರಾತ್ರಿ ಕುಳಿತು ಓದಿದೆ. ಶೈಲಿ ತೀರ ಸಾಧಾರಣ. ಈ ದೈತ್ಯರಿಗೆ ‘ಆರ್ಕ್’ ಎಂದು ಹೆಸರು. 1954-55ರಲ್ಲಿ ಟೋಲ್ಕೀನ್ ಪ್ರಕಟಿಸಿದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕೃತಿಯಲ್ಲಿ ಇವರು ಕೇಡಿನ ಪಡೆಯ ಕಾಲಾಳುಗಳು. ಪ್ರಣಯದ ಸೋಂಕೂ ಇಲ್ಲದವರು. ಈಗ ಅವರೇ ನಾಯಕರಾಗಿದ್ದಾರೆ. ಒಂದು ಸಂಗತಿ ಮಾತ್ರ ನನ್ನನ್ನು ಹಿಡಿದು ನಿಲ್ಲಿಸಿತು. ಕಡೆಯ ಪುಟದವರೆಗೂ ಈ ಇಬ್ಬರು ಕೋರೆಹಲ್ಲು ಕಳಚುವುದಿಲ್ಲ, ರಾಜಕುಮಾರರಾಗಿ ಮಾರ್ಪಡುವುದೂ ಇಲ್ಲ.

ನಮ್ಮಲ್ಲಿ ಹೀಗೆಲ್ಲಿದೆ? ಹಿಡಿಂಬೆ ಭೀಮನಿಗೆ ಒಲಿದಾಗ ಸುಂದರಿಯ ರೂಪವನ್ನು ತಾಳಿಯೇ ಅವನೆದುರು ಬಂದಳು. ಅದಾದರೂ ರಕ್ಕಸಿ ಮನುಷ್ಯನನ್ನು ಮೆಚ್ಚಿದ ಕಥೆ. ಮಾನವಸ್ತ್ರೀಗೂ ರಾಕ್ಷಸನಿಗೂ ಪುರಾಣದಲ್ಲಿ ಹೆಚ್ಚಾಗಿ ಇರುವ ನಂಟು ಅಪಹರಣದ್ದೇ. ಸೋಜಿಗವೆಂದರೆ, ರಕ್ಕಸನೆಂದರೆ ನಮ್ಮ ಜಿಲ್ಲೆಯ ಜನಕ್ಕೆ ಪ್ರಾಣ! ಅಕ್ಕಿಹಿಟ್ಟು, ಸುಣ್ಣಗಳ ಚುಟ್ಟಿಯಿಟ್ಟ ತೆಂಕುತಿಟ್ಟಿನ ಬಣ್ಣದ ವೇಷ ನಡುರಾತ್ರಿ ತೆರೆಯ ಹಿಂದೆ ಆರ್ಭಟಿಸಿತೆಂದರೆ, ನಿದ್ರಿಸುವ ಮಕ್ಕಳನ್ನು ತಾಯಂದಿರೇ ತಟ್ಟಿ ಎಬ್ಬಿಸುತ್ತಿದ್ದರು. ನೋಡಲು ಬೇಕು, ಒಲಿಯಲು ಬೇಡ.

ಗಿರೀಶ ಕಾರ್ನಾಡರ ‘ನಾಗಮಂಡಲ’ವನ್ನು ಬಲ್ಲವರು ಇಲ್ಲಿ ನನ್ನನ್ನು ತಡೆಯಬಹುದು. ಕುಡುಪಿನಲ್ಲಿ ನಾಗನಿಗೆ ಕೈಮುಗಿದು ಬೆಳೆದ ನಮಗೆ ಆ ಹೆಸರೇ ಆಪ್ತ. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳಿಂದ ಹುಟ್ಟಿದ ನಾಟಕ. 1997ರಲ್ಲಿ ನಾಗಾಭರಣರ ನಿರ್ದೇಶನದಲ್ಲಿ ಚಲನಚಿತ್ರವೂ ಆಯಿತು. ಹೆಂಡತಿಯನ್ನು ಮನೆಯೊಳಗೆ ಬೀಗವಿಟ್ಟು ಹೋಗುವ ಗಂಡ ಅಪ್ಪಣ್ಣ ಹಗಲಿಗೆ. ಅವನದೇ ರೂಪ ಧರಿಸಿ ಬರುವ ನಾಗ ಇರುಳಿಗೆ. ನಡುವೆ ರಾಣಿ. ಮೃಗದಂತೆ ವರ್ತಿಸುವವನು ಮನುಷ್ಯ. ನೊಂದವಳ ತಲೆ ನೇವರಿಸುವುದು ಹಾವು! ಆದರೆ ನಾಗನೂ ನಿರ್ದೋಷಿಯಲ್ಲ. ಗಂಡನ ಮುಖವನ್ನು ಕದ್ದು ಬಂದವನವನು. ತನ್ನನ್ನು ಏನೂ ಕೇಳಕೂಡದೆಂದು ಕಟ್ಟುಮಾಡಿದವನು. ಪಂಚಾಯತಿಯ ಮುಂದೆ ಹಾವನ್ನು ಕೈಯಲ್ಲಿ ಹಿಡಿದು, ಗಂಡನನ್ನೂ ಈ ಹಾವನ್ನೂ ಬಿಟ್ಟು ಬೇರಾರನ್ನೂ ಮುಟ್ಟಿಲ್ಲವೆಂದು ಪ್ರಮಾಣ ಮಾಡುವಾಗಲೂ ತನ್ನ ಮಾತು ಎಷ್ಟು ನಿಜವೆಂದು ಆಕೆಗೆ ತಿಳಿಯದು. ಊರು ಅವಳನ್ನು ದೇವಿಯೆಂದು ಪೂಜಿಸಿತು. ನಿನಗೆ ಯಾರು ಬೇಕು ಎಂದು ಯಾರೂ ಕೇಳಲಿಲ್ಲ.

ಕಾರ್ನಾಡರದೇ ‘ಹಯವದನ’ (1971) ಪದ್ಮಿನಿ ಮತ್ತು ಅವಳ ಇಬ್ಬರು ಪುರುಷರಿಂದಾಗಿ ಪ್ರಸಿದ್ಧವಾಯಿತು. ಅದರಲ್ಲಿ ಮೂಲೆಗೆ ಸರಿದುಹೋದ ಇನ್ನೊಬ್ಬಳಿದ್ದಾಳೆ: ಹಯವದನನ ತಾಯಿ, ಕರ್ನಾಟಕದ ರಾಜಕುಮಾರಿ. ವರನಾಗಿ ಬಂದ ರಾಜಪುತ್ರನನ್ನು ಬಿಟ್ಟು ಅವನೇರಿ ಬಂದ ಬಿಳಿಯ ಕುದುರೆಯನ್ನು ವರಿಸಿದವಳು! ಹದಿನೈದು ವರ್ಷ ಸಂಸಾರ ಮಾಡಿದ ಮೇಲೆ ಕುದುರೆ ಶಾಪ ಕಳೆದು ಗಂಧರ್ವನಾಗುತ್ತದೆ, ತನ್ನ ಲೋಕಕ್ಕೆ ಬಾ ಎಂದು ಕರೆಯುತ್ತದೆ. ಆಕೆ ಒಪ್ಪುವುದಿಲ್ಲ, ಮತ್ತೆ ಕುದುರೆಯಾದರೆ ಮಾತ್ರ ಬರುವೆನೆನ್ನುತ್ತಾಳೆ. ನಾನು ತರಗತಿಯಲ್ಲಿ ಈ ನಾಟಕವನ್ನು ಹಲವು ಸಲ ಪಾಠ ಮಾಡಿದ್ದೇನೆ. ಈ ಭಾಗ ಬಂದಾಗಲೆಲ್ಲ ವಿದ್ಯಾರ್ಥಿಗಳೊಂದಿಗೆ ನಕ್ಕು ಮುಂದೆ ಸಾಗಿದ್ದೇನೆ. ವೇಷ ಕಳಚದವನನ್ನು ಕಣ್ತೆರೆದು ಮೆಚ್ಚಿದವಳು ನಮ್ಮಲ್ಲಿಯೂ ಒಬ್ಬಳಿದ್ದಾಳೆಂದು ಹೊಳೆದದ್ದು ಈ ಸಾಧಾರಣ ಪುಸ್ತಕ ಓದಿದ ಮೇಲೆ.

ಪುಸ್ತಕ ಹಿಂತಿರುಗಿಸಲು ಹೋದಾಗ ಆ ತಾಯಿಗೆ ಬುದ್ಧಿಮಾತಿನ ಬದಲು ಈ ಕಥೆಯನ್ನೇ ಹೇಳಿದೆ. ಹುರುಳಿಕಾಯಿ ಮುರಿಯುತ್ತಿದ್ದ ಅವರ ಕೈ ನಿಂತಿತು.

“ಮತ್ತೆ ಅವಳೇನಾದಳು?”

“ಗಂಧರ್ವ ಕುದುರೆಯಾಗೆಂದು ಶಪಿಸಿದ. ಹೆಣ್ಣುಕುದುರೆಯಾಗಿ ಸಂತೋಷದಿಂದ ಓಡಿಹೋದಳು.”

ಅವರು ಒಳಕೋಣೆಯಲ್ಲಿ ಓದುತ್ತಿದ್ದ ಮಗಳ ಕಡೆಗೊಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದರು: “ಅವಳ ಪರೀಕ್ಷೆ ಮುಗಿಯುವ ತನಕ ಇದು ನಿಮ್ಮ ಮನೆಯಲ್ಲೇ ಇರಲಿ, ಮಾಸ್ಟ್ರೇ.”