ಅಜ್ಜಿ ಕರೆಯುವ ಹೆಸರು

ದಾಖಲೆಯಲ್ಲಿ ಮಗು ಫಾತಿಮಾ. ಊರಿನ ಅಜ್ಜಿಗೆ ಪಾತುಮ್ಮ. 'ಹಳೇ ಕಾಲದ ಹೆಸರು, ಶಾಲೆಯಲ್ಲಿ ನಗ್ತಾರೆ' ಎಂದು ಸೊಸೆಗೆ ಬೇಸರ. 'ನನ್ನ ಉಮ್ಮನನ್ನು ಹಾಗೇ ಕರೀತಿದ್ದದ್ದು' ಎಂದು ಅಜ್ಜಿಗೆ ನೋವು. ಎರಡೂ ದೂರು ಬಂದು ಬೀಳುವುದು ಬಹರೈನ್‌ನಲ್ಲಿ ದುಡಿಯುವವನ ಫೋನಿಗೆ.

ಆಧಾರ್, ಪಾಸ್‌ಪೋರ್ಟ್, ನಾಳೆ ಇಲ್ಲಿಗೆ ಬಂದರೆ ಸಿಪಿಆರ್: ಎಲ್ಲದರಲ್ಲೂ ಒಂದೇ ಹೆಸರು, ಒಂದೇ ಸ್ಪೆಲ್ಲಿಂಗ್ ಇರಲಿ. ಮನೆಯೊಳಗಿನ ಮುದ್ದಿನ ಹೆಸರಿಗೆ ಆ ಲೆಕ್ಕ ಬೇಡ.

ಕರಿಯ, ಕುಳ್ಳ ಎಂದು ಕರೆಯುವುದು ಮಾತ್ರ ಮುದ್ದಲ್ಲ. ಅಡ್ಡಹೆಸರಿಟ್ಟು ಹೀಯಾಳಿಸುವುದನ್ನು ಕುರ್‌ಆನ್ (49:11) ತಡೆದಿದೆ. ಅದನ್ನು ಹಿರಿಯರಿಗೆ ಮೆಲ್ಲಗೆ ಹೇಳಬೇಕಾದವನು ಮಗ. ಸೊಸೆಯ ತಲೆಗೆ ಹಾಕಬಾರದು.

ಪಾತುಮ್ಮ ಅಂಥ ಹೆಸರಲ್ಲ. ಬಾಪ ದೂರದಲ್ಲಿರುವಾಗ ಮಗುವನ್ನು ಎತ್ತಿ ಆಡಿಸುವ ಅಜ್ಜಿಗೆ ಅಷ್ಟು ಹಕ್ಕು ಉಂಟು. ಬೆಳೆದ ಮೇಲೆ ಮಗುವೇ ಬೇಡ ಎಂದರೆ, ಆಗ ಅದರ ಮಾತು ನಡೆಯಲಿ.