ಸರೋಜೆಯರ ಕಾಲ

ನಾವು ಸರಕಾರಿ ಕಾರಕೂನರು. ನಮ್ಮ ಮೇಜಿಗೆ ಬರುವ ಕಾಗದಗಳಲ್ಲಿ ಎರಡು ಜಾತಿ. ಒಂದು ಕುಟುಂಬ ಪಿಂಚಣಿಯದು. ಅದರಲ್ಲಿ ಅಜ್ಜಿಯರ ಹೆಸರು. ಇನ್ನೊಂದು ಮಕ್ಕಳ ಶಿಕ್ಷಣ ಭತ್ಯೆಯದು. ಅದರಲ್ಲಿ ಮರಿಗಳ ಹೆಸರು. ಮೊದಲ ಕಟ್ಟಿನಲ್ಲಿ ಸರೋಜಾ, ಕಮಲಾ, ವಿಮಲಾ, ಸುಶೀಲಾ. ಎರಡನೆಯದರಲ್ಲಿ ಆದ್ಯಾ, ಅನ್ವಿ, ಅನನ್ಯಾ. ಇಷ್ಟು ವರ್ಷಗಳ ನೌಕರಿಯಲ್ಲಿ ಶಿಕ್ಷಣ ಭತ್ಯೆಯ ಕಾಗದದಲ್ಲಿ ಒಬ್ಬ ಸರೋಜೆಯನ್ನೂ ನಾವು ಕಂಡಿಲ್ಲ. ನವೆಂಬರಿನ ಜೀವಿತ ಪ್ರಮಾಣಪತ್ರಗಳಲ್ಲಾದರೋ, ವರ್ಷದಿಂದ ವರ್ಷಕ್ಕೆ ಸರೋಜೆಯರು ಕಡಿಮೆಯಾಗುತ್ತಿರುವುದನ್ನು ಕಂಡಿದ್ದೇವೆ.

ಈ ಮಾತು ಈಗೇಕೆಂದರೆ, ಎರಡು ತಿಂಗಳ ಹಿಂದೆ ನಮ್ಮ ಮನೆಗೆ ಹೆಣ್ಣು ಕೂಸು ಬಂತು. "ಅಜ್ಜೀ ಹೆಸರು ಇಡೋ, ಮನಿತನದಾಗ ಹೆಸರು ಉಳೀತದ" ಎಂದು ನಮ್ಮ ತಾಯಿ. ಅಜ್ಜಿಯ ಹೆಸರು ಸರೋಜಾ. "ಸಾಲ್ಯಾಗ ಹುಡುಗ್ರು ನಗ್ತಾರ್ರೀ" ಎಂದು ನಮ್ಮ ಮನೆಯಾಕೆ. ಅದರ ಮೇಲೆ ಇಲ್ಲಿಯ ನೆರೆಹೊರೆಯವರು ಕೊನೆಯ ದೀರ್ಘವನ್ನು ನುಂಗಿ 'ಸರೋಜ್' ಎನ್ನುವರು. ಉತ್ತರದ ಕಡೆ ಅದನ್ನು ಗಂಡು ಮಕ್ಕಳಿಗೂ ಇಡುವುದುಂಟು!

ಸರೋಜಾ ಎಂದರೆ ಸರೋವರದಲ್ಲಿ ಹುಟ್ಟಿದುದು, ತಾವರೆ. ಪಂಕಜಾ, ಅಂಬುಜಾ, ವನಜಾ, ಪದ್ಮಾ, ನಳಿನಿ ಎಲ್ಲರೂ ಅದೇ ಕೆರೆಯ ಹೂಗಳು. ಅವರಿಗಿಂತ ಮುಂಚೆ ನಮ್ಮ ಮನೆಗಳಲ್ಲಿ ಗಂಗವ್ವ, ಭೀಮವ್ವ, ಕೃಷ್ಣಾಬಾಯಿ ಇದ್ದರು. ನದಿಯ, ದೇವರ, ಹಿರಿಯರ ಹೆಸರುಗಳವು. ಹೆಣ್ಣು ಮಕ್ಕಳು ಶಾಲೆಯ ಮೆಟ್ಟಿಲೇರಿದಾಗ ಹಾಜರಿ ಪುಸ್ತಕಕ್ಕೆ ನಯವಾದ ಹೊಸ ಹೆಸರು ಬೇಕಾಯಿತು. ಅದೇ ಕಾಲಕ್ಕೆ ಸರೋಜಿನಿ ನಾಯ್ಡು ಅವರ ಹೆಸರು ಊರೂರಿಗೆ ಮುಟ್ಟಿತ್ತು. 1924ರ ಬೆಳಗಾವಿ ಕಾಂಗ್ರೆಸ್ಸಿಗೆ ಗಾಂಧೀಜಿ ಅಧ್ಯಕ್ಷರು. ಮರುವರ್ಷ ಕಾನಪುರದಲ್ಲಿ ಆ ಪೀಠವೇರಿದವರು ಈಕೆ. 1942ರಲ್ಲಿ ಗಾಂಧೀಜಿಯವರೊಡನೆ ಅವರನ್ನೂ ಸೆರೆಯಲ್ಲಿಟ್ಟುದು ನಮ್ಮ ಕ್ಯಾಂಪಿಗೆ ದೂರವಲ್ಲದ ಆಗಾಖಾನ್ ಅರಮನೆಯಲ್ಲಿ. 1927ರಲ್ಲಿ ಧಾರವಾಡದಲ್ಲಿ ಹುಟ್ಟಿದ ಸರೋಜಿನಿ ಮಹಿಷಿಯವರು 1962ರಲ್ಲಿ ಲೋಕಸಭೆಗೆ ಆರಿಸಿ ಹೋದರು. ಕನ್ನಡಿಗರ ಉದ್ಯೋಗದ ಬಗೆಗಿನ ಅವರ ವರದಿಯನ್ನು, ಉದ್ಯೋಗಕ್ಕಾಗಿಯೇ ಊರು ಬಿಟ್ಟು ಬಂದ ನಾವು ಮರೆಯುವಂತಿಲ್ಲ. 1938ರಲ್ಲಿ ಹುಟ್ಟಿದ ಬಿ. ಸರೋಜಾದೇವಿಯವರು 1955ರ 'ಮಹಾಕವಿ ಕಾಳಿದಾಸ'ದಿಂದ ತೆರೆಗೆ ಬಂದರು, 1961ರಲ್ಲಿ ಕಿತ್ತೂರು ಚೆನ್ನಮ್ಮನಾದರು. 2025ರ ಜುಲೈಯಲ್ಲಿ ಅವರು ತೀರಿಕೊಂಡ ದಿನ ನಮ್ಮ ಅಜ್ಜಿ, "ನನ್ನ ವಾರಿಗಿಯಾಕಿ ಹೋದಳು" ಎಂದಳು.

ಇಂಥ ಹೆಸರು ಇಳಿದುದೇಕೆ? ಕೆಟ್ಟುದೆಂದಲ್ಲ. ಒಂದು ತರಗತಿಯಲ್ಲಿ ಮೂವರು ಸರೋಜೆಯರಾದರೆ ಗುರುತಿಗೆ ಅಡ್ಡಹೆಸರು ಕೂಗಬೇಕು. ಆ ಸರೋಜೆಯರೇ ತಾಯಂದಿರಾದಾಗ ಮಕ್ಕಳಿಗೆ ಉಷಾ, ಆಶಾ, ರೇಖಾ ಎಂದಿಟ್ಟರು. ಆ ಉಷೆಯರು ತಮ್ಮ ಮಕ್ಕಳಿಗೆ ಪೂಜಾ, ದಿವ್ಯಾ ಎಂದರು. ಹೊಸತೆಂದು ಏರಿದ ಹೆಸರು ಎಲ್ಲರದೂ ಆದ ದಿನವೇ ಹಳತಾಗುತ್ತದೆ. ಇಂದಿನ ಆದ್ಯಾ ಕೂಡ ಒಂದು ದಿನ ಪಿಂಚಣಿಯ ಕಟ್ಟಿಗೆ ಬರುವವಳೇ.

ನಮ್ಮ ಈ ಉಪನ್ಯಾಸವನ್ನು ಅಜ್ಜಿ ಮೂಲೆಯಲ್ಲಿ ಬತ್ತಿ ಹೊಸೆಯುತ್ತ ಕೇಳುತ್ತಿದ್ದಳು. "ಸರೋಜಾ ನನ್ನ ಹೆಸರಲ್ಲೋ ತಮ್ಮಾ" ಎಂದಳು. "ತವರಮನ್ಯಾಗ ನಾ ತುಂಗಾ."

1957ರಲ್ಲಿ, ಮದುವೆಯ ದಿನ, ತಟ್ಟೆಯ ಅಕ್ಕಿಯಲ್ಲಿ ಅಜ್ಜ ಉಂಗುರದಿಂದ 'ಸರೋಜಾ' ಎಂದು ಬರೆದರಂತೆ. ಸೊಸೆಯ ಹೆಸರು ಬದಲಿಸುವ ಈ ಪದ್ಧತಿ ನಮ್ಮ ಕಡೆಯೂ ಉಂಟು, ಮಹಾರಾಷ್ಟ್ರದಲ್ಲೂ ಉಂಟು. ಅದು ಸಿನೆಮಾದ ಸರೋಜೆಯೆಂದು ಬಳಗದವರು ಚೇಷ್ಟೆ ಮಾಡಿದರೆ, ನಾಯ್ಡು ಅವರ ಮೇಲಿನ ಅಭಿಮಾನವೆಂದು ಅಜ್ಜ ಕೊನೆಯವರೆಗೂ ಸಾಧಿಸಿದರು. ಅಜ್ಜಿಯನ್ನು ಮಾತ್ರ ಯಾರೂ ಕೇಳಲಿಲ್ಲ. ಆಕೆಯ ಪಿಂಚಣಿಯ ಕಾಗದದಲ್ಲಿ ಎಲ್ಲಿಯೂ ತುಂಗಾ ಇಲ್ಲ. ಆಕೆಯ ಮಡಿಲಲ್ಲಿ ಬೆಳೆದ ನಾವು ಆ ಹೆಸರನ್ನು ಕೇಳಿದುದು ಅಂದೇ. ನಮ್ಮ ಮೇಜಿನ ಕಟ್ಟಿನಲ್ಲಿರುವ ಸರೋಜೆಯರಲ್ಲಿ ಎಷ್ಟು ಮಂದಿ ತೊಟ್ಟಿಲಿನಿಂದ ಬಂದವರೋ, ಎಷ್ಟು ಮಂದಿ ಅಕ್ಕಿಯ ತಟ್ಟೆಯಿಂದ ಬಂದವರೋ!

"ಹಂಗಾರ ತುಂಗಾ ಅಂತನ ಇಡೋಣೇನ್ರೀ ಅಜ್ಜೀ?" ಎಂದಳು ಮನೆಯಾಕೆ.

"ನಿನಗ ಚಂದ ಕಂಡದ್ದು ಇಡವಾ. ಇಟ್ಟ ಮ್ಯಾಲ ಮುಂದ ಯಾರೂ ಅಳಸಬಾರದು, ಅಷ್ಟು ನೋಡ್ರಿ."

ತೊಟ್ಟಿಲ ಕಾರ್ಯದಲ್ಲಿ ಕೂಸಿನ ಕಿವಿಯಲ್ಲಿ ತುಂಗಾ, ಸರೋಜಾ ಎರಡನ್ನೂ ಹೇಳಿದೆವು. ಜನನದ ದಾಖಲೆಯಲ್ಲಿ ಹೆಸರಿನ ಜಾಗ ಖಾಲಿಯಿತ್ತು. ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಲು ಅವಕಾಶವಿದೆ. ಅಲ್ಲಿ 'ಅನ್ವಿ' ಎಂದು ಬರೆಯಿಸಿ ಬಂದೆವು. ವಾಚಕರು ನಗಲಿ, ಗಾಳಿ ಬಂದಾಗ ತೂರಿಕೊಳ್ಳುವವರಲ್ಲಿ ನಾವೂ ಒಬ್ಬರು. ಆದರೆ ಅಜ್ಜಿಗೆ ಒಂದು ಮಾತು ಕೊಟ್ಟಿದ್ದೇವೆ: ಈ ಹುಡುಗಿಯ ಮದುವೆಯಲ್ಲಿ ಅಕ್ಕಿ ಅಕ್ಷತೆಗೆ ಮಾತ್ರ, ಬರವಣಿಗೆಗಲ್ಲ.

ಹಬ್ಬಕ್ಕೆ ಊರಿಗೆ ಹೋಗುವವರು ತಮ್ಮ ಮನೆಯ ಸರೋಜಜ್ಜಿಯರನ್ನೂ ಕಮಲಜ್ಜಿಯರನ್ನೂ ತವರಿನ ಹೆಸರೇನೆಂದು ಒಮ್ಮೆ ಕೇಳಿ ನೋಡಿರಿ. ನವೆಂಬರ್ ಬರುವುದರೊಳಗೆ ಕೇಳಿದರೆ ಇನ್ನೂ ಒಳ್ಳೆಯದು.