ಕಿವಿ ಬೆಚ್ಚಗಿರಲಿ, ಆದರೆ ಮುಚ್ಚದಿರಲಿ

ನವೆಂಬರ್ ಬಂತೆಂದರೆ ಮ್ಯೂನಿಕ್‌ನ ನಮ್ಮ ಮನೆಗಳಲ್ಲಿ ಬೆಳಗಿನ ಗಡಿಬಿಡಿ ಇಮ್ಮಡಿಯಾಗುತ್ತದೆ. ಸ್ವೆಟರ್ ಎಲ್ಲಿ, ಕೈಗವಸಿನ ಜೋಡಿ ಎಲ್ಲಿ, ನಿನ್ನೆ ಒಣಗಲು ಹಾಕಿದ ಕಾಲುಚೀಲ ಎಲ್ಲಿ ಎಂಬ ಕೂಗಾಟ! ಇಲ್ಲಿ ಡಿಸೆಂಬರ್ ಕೊನೆಯ ವಾರದಲ್ಲಿ ಸೂರ್ಯ ಮೂಡುವಾಗ ಗಂಟೆ 8 ಆಗಿರುತ್ತದೆ, ಸಂಜೆ ನಾಲ್ಕೂವರೆಯೊಳಗೆ ಮುಳುಗಿಯೂ ಆಗಿರುತ್ತದೆ. ಹೀಗಾಗಿ ಚಳಿಗಾಲದ ಹಲವು ವಾರ ನಮ್ಮ ಮಕ್ಕಳು ಕತ್ತಲಲ್ಲೇ ಸೈಕಲ್ ತುಳಿದು ಶಾಲೆ ಸೇರುತ್ತಾರೆ. ಅವರು ಬಾಗಿಲು ದಾಟುವಾಗ ಪಾಲಕರಾದ ನಾವು ಹೇಳುವ ಕೊನೆಯ ಮಾತು ಬಹುಶಃ ಎಲ್ಲ ಮನೆಗಳಲ್ಲೂ ಒಂದೇ: "ಕಿವಿ ಮುಚ್ಚಿಕೋ, ಶೀತ ಆಗುತ್ತೆ!"

ಈ ಮಾತು ನಮ್ಮ ರಕ್ತದಲ್ಲೇ ಇದೆ. ಊರಿನಲ್ಲಿ ಮಾಗಿಯ ಚಳಿ ಶುರುವಾಗುವುದೇ ತಡ, ಅಜ್ಜ ಮಂಕಿ ಕ್ಯಾಪ್ ಏರಿಸುತ್ತಿದ್ದರು, ಅಜ್ಜಿ ಕಿವಿಗೆ ಹತ್ತಿ ತುರುಕುತ್ತಿದ್ದರು. ಆದರೆ ಅವರು ಜಗಲಿಯ ಮೇಲೆ ಕುಳಿತಿರುತ್ತಿದ್ದರು. ನಮ್ಮ ಮಕ್ಕಳು ಟ್ರಾಮ್, ಬಸ್ಸು, ಲಾರಿಗಳ ನಡುವೆ ಹೋಗುತ್ತಾರೆ. ಈ ವ್ಯತ್ಯಾಸವನ್ನು ನಾವು ಕಲಿತದ್ದು ಒಂದು ದಿನ ಎದೆ ನಡುಗಿದ ಮೇಲೆ.

ಕಳೆದ ಚಳಿಗಾಲದ ಒಂದು ಬೆಳಿಗ್ಗೆ. ಏಳನೆಯ ತರಗತಿಯ ನಮ್ಮ ಮಗ ಮುಂದೆ, ನಾವು ಸ್ವಲ್ಪ ಹಿಂದೆ. ಅವನ ಕಿವಿಯಲ್ಲಿ ಇಯರ್‌ಫೋನ್, ಅದರ ಮೇಲೆ ಉಣ್ಣೆಯ ಟೋಪಿ, ಅದರ ಮೇಲೆ ಹೆಲ್ಮೆಟ್. ನೇರ ಹೋಗುವ ಅವನಿಗೂ ಹಸಿರು ದೀಪ, ಪಕ್ಕದಲ್ಲಿದ್ದ ವ್ಯಾನಿಗೂ ಹಸಿರು ದೀಪ. ವ್ಯಾನು ಬಲಕ್ಕೆ ತಿರುಗತೊಡಗಿತು. ನಾವು ಬೆಲ್ ಬಾರಿಸಿದೆವು, ಹೆಸರು ಹಿಡಿದು ಕೂಗಿದೆವು. ಆಚೆ ಬದಿಯಲ್ಲಿ ನಿಂತಿದ್ದ ಅಪರಿಚಿತರೂ ಕೂಗಿದರು. ಎಲ್ಲರಿಗೂ ಕೇಳಿತು, ಅವನೊಬ್ಬನಿಗೆ ಕೇಳಲಿಲ್ಲ. ಚಾಲಕರು ಕೊನೆಯ ಕ್ಷಣದಲ್ಲಿ ಬ್ರೇಕ್ ಒತ್ತಿದ್ದರಿಂದ ಹ್ಯಾಂಡಲ್ಲಿಗೆ ಗೀರು ಬಿದ್ದದ್ದಷ್ಟೇ. ಆ ಚಾಲಕರ ಮೇಲೆ ಸಿಟ್ಟು ಮಾಡಿಕೊಳ್ಳಬಹುದಿತ್ತು. ಆದರೆ ಹುಟ್ಟುಹಬ್ಬಕ್ಕೆ ಆ ಇಯರ್‌ಫೋನ್ ಕೊಡಿಸಿದವರು ಯಾರು? ಅದರ ಮೇಲೆ ದಪ್ಪ ಟೋಪಿ ಎಳೆದು ಕಳಿಸಿದವರು ಯಾರು? ನಾವೇ ಅಲ್ಲವೇ!

ಅಂದಿನಿಂದ ನಮ್ಮ ಅಭಿಪ್ರಾಯ ಗಟ್ಟಿಯಾಗಿದೆ. ಶಾಲೆಯ ದಾರಿಯಲ್ಲಿ ಸೈಕಲ್ ಮೇಲೆ ಇಯರ್‌ಫೋನ್ ಬೇಡ, ಚಳಿಗಾಲದಲ್ಲಂತೂ ಬೇಡವೇ ಬೇಡ.

ಮಕ್ಕಳು ಕೇಳುವ ಪ್ರಶ್ನೆಗಳು ನಮಗೆ ಗೊತ್ತು. "ಕಾನೂನು ಬೇಡ ಅನ್ನುವುದಿಲ್ಲವಲ್ಲ?" ನಿಜ. ಜರ್ಮನಿಯ ನಿಯಮ ಇಯರ್‌ಫೋನನ್ನೇ ನಿಷೇಧಿಸಿಲ್ಲ, ಯಾವ ಸಾಧನದಿಂದಲೂ ಶ್ರವಣಕ್ಕೆ ಅಡ್ಡಿಯಾಗಬಾರದು ಎನ್ನುತ್ತದೆ. ನೆರೆಯ ಫ್ರಾನ್ಸ್ 2015ರ ಜುಲೈ 1ರಿಂದ ಸೈಕಲ್ ಸವಾರರಿಗೂ ಇಯರ್‌ಫೋನ್ ನಿಷೇಧಿಸಿ 135 ಯೂರೋ ದಂಡ ಇಟ್ಟಿದೆ. ಆದರೆ ದಂಡದ ಭಯಕ್ಕಾಗಿ ಇದನ್ನು ಬಿಡಿ ಎಂದು ನಾವು ಹೇಳುತ್ತಿಲ್ಲ.

"ಕಾರಿನಲ್ಲಿ ನೀವು ಗಾಜು ಏರಿಸಿ ಹಾಡು ಕೇಳುತ್ತೀರಲ್ಲ?" ಇದು ಒಳ್ಳೆಯ ಪ್ರಶ್ನೆ. ಕಾರಿನವರಿಗೆ ಸುತ್ತ ಉಕ್ಕಿನ ಕವಚ ಇದೆ, ಮೂರು ಕನ್ನಡಿಗಳಿವೆ. ಸೈಕಲ್ಲಿನವರಿಗೆ ಹಿಂದಿನಿಂದ ಬರುವುದನ್ನು ತಿಳಿಸುವ ಕನ್ನಡಿಯೇ ಕಿವಿ. "ಕಿವಿ ಕೇಳದವರೂ ಸೈಕಲ್ ಹೊಡೆಯುತ್ತಾರಲ್ಲ?" ಹೌದು, ಆದರೆ ಅವರು ಕಣ್ಣಿನಿಂದಲೇ ಎಲ್ಲವನ್ನೂ ಗಮನಿಸುವುದನ್ನು ವರ್ಷಗಟ್ಟಲೆ ರೂಢಿಸಿಕೊಂಡಿರುತ್ತಾರೆ. ನಾವು ಕಿವಿಯನ್ನು ನಂಬಿ ಬದುಕುತ್ತಾ, ರಸ್ತೆಗಿಳಿದಾಗ ಮಾತ್ರ ಅದನ್ನು ಮುಚ್ಚುತ್ತೇವೆ. "ಒಂದೇ ಕಿವಿಗೆ ಹಾಕಿಕೊಂಡರೆ?" ಸದ್ದು ಯಾವ ದಿಕ್ಕಿನಿಂದ ಬಂತೆಂದು ಮಿದುಳು ಅಳೆಯುವುದು ಎರಡೂ ಕಿವಿಗಳನ್ನು ಹೋಲಿಸಿ ನೋಡಿಯೇ. ಒಂದು ಮುಚ್ಚಿದರೆ ಸದ್ದು ಕೇಳೀತು, ದಿಕ್ಕು ತಪ್ಪೀತು.

ಇನ್ನೊಂದು ಮಾತು. ಎಲೆಕ್ಟ್ರಿಕ್ ಕಾರುಗಳು ನಿಧಾನವಾಗಿ ಚಲಿಸುವಾಗ ಸದ್ದೇ ಇರುವುದಿಲ್ಲ. ಇದು ಅಪಾಯವೆಂದು ಐರೋಪ್ಯ ಒಕ್ಕೂಟವು, 2021ರ ಜುಲೈಯಿಂದ ಹೊಸ ಎಲೆಕ್ಟ್ರಿಕ್ ಕಾರುಗಳೆಲ್ಲವೂ ಗಂಟೆಗೆ 20 ಕಿ.ಮೀ. ವೇಗದವರೆಗೆ ಕೃತಕ ಸದ್ದು ಮಾಡಲೇಬೇಕೆಂದು ಕಡ್ಡಾಯ ಮಾಡಿತು. ನಮಗೆ ಕೇಳಲಿ ಎಂದು ಕಾರುಗಳಿಗೆ ದನಿ ಕೊಟ್ಟರು, ನಾವು ಕಿವಿಗೆ ಬಿರಡೆ ಹಾಕಿಕೊಂಡೆವು! ಇದೆಂಥ ಜಾಣತನ?

ಹಾಗಾದರೆ ಚಳಿಗೆ ಏನು ಮಾಡುವುದು? ಕಿವಿ ತೆರೆದಿಡಿ ಎಂದರೆ ಕಿವಿ ಮರಗಟ್ಟಲಿ ಎಂದಲ್ಲ. ಗಾಳಿ ನಿಂತಿದ್ದರೂ ಸೈಕಲ್ ಸವಾರ ತನ್ನ ವೇಗದಿಂದಲೇ ಗಾಳಿ ಹುಟ್ಟಿಸಿಕೊಳ್ಳುತ್ತಾನೆ. 0 ಡಿಗ್ರಿಯಲ್ಲಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋದರೆ ಮುಖಕ್ಕೆ ತಾಗುವ ಚಳಿ ಮೈನಸ್ 5 ಡಿಗ್ರಿಯಷ್ಟಿರುತ್ತದೆ. ಇದಕ್ಕೆ ತೆಳುವಾದ ಉಣ್ಣೆಯ ಕಿವಿಪಟ್ಟಿ ಸಾಕು, ಸದ್ದು ಅದನ್ನು ದಾಟಿ ಬರುತ್ತದೆ. ದಪ್ಪ ಟೋಪಿ ಕಿವಿಯನ್ನು ಮುಚ್ಚುವುದಲ್ಲದೆ ಹೆಲ್ಮೆಟ್ಟನ್ನೂ ತಲೆಯಿಂದ ಮೇಲೆತ್ತುತ್ತದೆ. ಜಾಕೆಟ್ಟಿನ ಕುಲಾವಿ ಏರಿಸಿದರೆ ಪಕ್ಕದ್ದೂ ಕಾಣುವುದಿಲ್ಲ.

ಮೈಗೆ ಒಂದು ದಪ್ಪ ಬಟ್ಟೆಗಿಂತ ಮೂರು ತೆಳು ಪದರ ಮೇಲು. ಒಳಗೆ ಉಣ್ಣೆ ಅಥವಾ ಬೆವರು ಹೀರಿ ಬೇಗ ಒಣಗುವ ಬಟ್ಟೆ, ನಡುವೆ ಸ್ವೆಟರ್, ಹೊರಗೆ ಗಾಳಿ ತಡೆಯುವ ಜಾಕೆಟ್. ಊರಿನಿಂದ ತಂದ ಹತ್ತಿ ಬನಿಯನ್ ಬೇಸಿಗೆಗೆ ಚೆನ್ನ, ಚಳಿಯಲ್ಲಿ ಬೆವರಿಗೆ ಒದ್ದೆಯಾಗಿ ಬೆನ್ನಿಗೆ ಐಸಿನಂತೆ ಅಂಟುತ್ತದೆ. ಮನೆ ಬಿಡುವಾಗ ತುಸು ಚಳಿ ಎನಿಸಿದರೆ ಉಡುಪು ಸರಿಯಾಗಿದೆ ಎಂದೇ ಅರ್ಥ, ಎರಡು ಬೀದಿ ತುಳಿಯುವಷ್ಟರಲ್ಲಿ ಮೈ ಬಿಸಿಯಾಗುತ್ತದೆ. ಗಾಳಿ ತಡೆಯುವ ಕೈಗವಸು ಮಾತ್ರ ಮರೆಯಬೇಡಿ. ಬೆರಳು ಜೋಮು ಹಿಡಿದರೆ ಬ್ರೇಕ್ ಒತ್ತುವವರು ಯಾರು? ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಇರಲಿ. ಸೇತುವೆಯ ಮೇಲೂ ಒದ್ದೆ ಎಲೆಗಳ ಮೇಲೂ ವೇಗ ತಗ್ಗಲಿ.

ಸಂಗೀತದ ಮೇಲೆ ನಮಗೆ ದ್ವೇಷವಿಲ್ಲ. ಶಾಲೆಯಿಂದ ಬಂದು ಬಿಸಿ ಹಾಲು ಕುಡಿಯುತ್ತಾ ಎಷ್ಟು ಬೇಕಾದರೂ ಕೇಳಿ. ಭಾನುವಾರ ಇಸಾರ್ ನದಿಯ ದಂಡೆಯಲ್ಲಿ ಜೊತೆಯಾಗಿ ಹೋಗೋಣ, ಅಲ್ಲಿ ಹಾಡೋಣ. ನಾವು ಚಿಕ್ಕವರಿದ್ದಾಗ ಅಪ್ಪನ ದೊಡ್ಡ ಸೈಕಲ್ಲಿನಲ್ಲಿ ಒಳಪೆಡಲ್ ಹೊಡೆಯುತ್ತಾ ಗಂಟಲು ಬಿಚ್ಚಿ ಹಾಡುತ್ತಿದ್ದೆವು. ಹಾಡು ಬಾಯಲ್ಲಿತ್ತು, ಕಿವಿ ಬಸ್ಸಿನ ಹಾರನ್ನಿಗೆ ತೆರೆದಿತ್ತು.

ಇನ್ನು ಪಾಲಕರಿಗೆ ಒಂದು ಕಿವಿಮಾತು. ನಾವು ಫೋನಿನಲ್ಲಿ ಮಾತಾಡುತ್ತಾ ಆಫೀಸಿಗೆ ಸೈಕಲ್ ತುಳಿದರೆ ಮಕ್ಕಳಿಗೆ ಹೇಳುವ ಹಕ್ಕು ನಮಗೆ ಉಳಿಯುವುದಿಲ್ಲ. "ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು" ಎಂಬ ಗಾದೆ ಇದೆ. ನಮ್ಮ ಮನೆಯಲ್ಲಿ ಅದೃಷ್ಟವಶಾತ್ ಕೆಡುವ ಮೊದಲೇ ಬುದ್ಧಿ ಬಂತು. ಈಗ ಬಾಗಿಲಲ್ಲಿ ನಿಂತು ಹೇಳುವ ಮಾತನ್ನು ಬದಲಿಸಿದ್ದೇವೆ: "ಪಟ್ಟಿ ಕಟ್ಟಿಕೋ ಮಗಾ, ಕಿವಿ ತೆರೆದಿರಲಿ." ನಾಳೆ ಬೆಳಿಗ್ಗೆ ನಿಮ್ಮ ಮನೆಯ ಬಾಗಿಲಲ್ಲೂ ಇದೇ ಮಾತು ಕೇಳಿಸಲಿ.